ಎರಡೂ ಕೈ ಗೋಡೆಗೆ

ಕಾರ್ಬಿನ್ ಹಾರ್ಬರ್, ಮಿಶಿಗನ್
ಮಾರ್ಚ್ 11, 2019, ಸೋಮವಾರ

ಪ್ರೀತಿಯ ಮೇರಿಟ್,

ನೀನು, ನಿನ್ನ ಮನೆಯವರು, ಮಕ್ಕಳು ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದ ಬಂದು ಮೇಜಿನ ಮೇಲೆ ಕೂತಿವೆ. ಅಮ್ಮ ಉತ್ತರ ಬರೆಯಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡೋಣವೆಂದರೆ ನೆಬ್ರಾಸ್ಕದಲ್ಲಿ ಈಗ ಹಸುಗಳು ಕರು ಹಾಕುವ ಕಾಲ. ದನದ ಡಾಕ್ಟರಾದ ನಿನ್ನ ಕೈ ಯಾವ ಹೊತ್ತಿನಲ್ಲಿ ಯಾವ ಹಸುವಿನೊಳಗೆ ಇರುತ್ತದೋ ಯಾರು ಬಲ್ಲರು. ಅಲ್ಲದೆ ಈ ಮೂರು ವಾರದಿಂದ ನನಗೆ ಬಂದಿರುವ ಸಿಟ್ಟಿಗೆ ಫೋನ್ ಸಾಲದು, ಕಾಗದವೇ ಬೇಕು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕಿ ಸಮಾಧಾನ ಹೇಳುತ್ತೀಯ. ನನಗೆ ಸಮಾಧಾನ ಬೇಡ.

ಅಪ್ಪ ಚೆನ್ನಾಗಿದ್ದಾರೆ. ಹಿಮ ಈ ವರ್ಷ ಅಡುಗೆಮನೆ ಕಿಟಕಿಯ ಅರ್ಧದವರೆಗೂ ಬಂದಿದೆ. ದಿನಕ್ಕೆರಡು ಸಲ ಸಲಿಕೆ ಹಿಡಿದು ಹೋಗುತ್ತಾರೆ, ನನ್ನ ಬಾಯಿಗಿಂತ ಈ ಹಿಮವೇ ವಾಸಿ ಎನ್ನುತ್ತಾರೆ. ಈಜು ಕ್ಲಬ್ಬಿನಲ್ಲಿ ನಮ್ಮ ಬೆಳಗಿನ ಮುದುಕರ ಗುಂಪಿನ ಎಲ್ವುಡ್‌ಗೆ ಕಳೆದ ತಿಂಗಳು ಎಂಬತ್ತಾರು ತುಂಬಿತು. ವರ್ಷಕ್ಕೊಂದರಂತೆ ಎಂಬತ್ತಾರು ಸಲ ಈಜುಕೊಳದ ಈ ತುದಿಯಿಂದ ಆ ತುದಿಗೆ ಈಜುತ್ತೇನೆ ಎಂದು ಇಳಿದ. ಎರಡು ಗಂಟೆ ಹಿಡಿಯಿತು. ಹಸುಗೂಸುಗಳ ತರಗತಿಯ ತಾಯಂದಿರು ಮಕ್ಕಳನ್ನು ಸೊಂಟದ ಮೇಲೆ ಇಟ್ಟುಕೊಂಡು ದಡದಲ್ಲಿ ಕಾಯುತ್ತಿದ್ದರು. 'ಎಲ್ವುಡ್, ಸಾಕು ಮೇಲೆ ಬಾ' ಎಂದು ನಾನು ಕೂಗಿದರೆ, 'ಆ ಕೂಸುಗಳಿಗೆ ಇನ್ನೂ ಎಂಬತ್ತು ವರ್ಷ ಟೈಮಿದೆ, ನನಗೆ ಹನ್ನೊಂದು ಬಾಕಿ ಇದೆ, ಯಾರು ಕಾಯ್ಬೇಕು ನೀನೇ ಹೇಳು' ಎಂದ. ತಾಯಂದಿರು ನಕ್ಕುಬಿಟ್ಟರು. ಈ ಚಳಿಗಾಲದಲ್ಲಿ ಆ ಕೊಳದ ಬಳಿ ನಾನು ನಕ್ಕದ್ದು ಅದೇ ಕೊನೆ.

ಈಗ ವಿಷಯಕ್ಕೆ ಬರುತ್ತೇನೆ. ಕ್ಲಬ್ಬಿನ ಗೋಡೆಯ ಮೇಲೆ ಹೊಸದಾಗಿ ದೊಡ್ಡ ನೀಲಿ ಅಕ್ಷರದಲ್ಲಿ ಬರೆಸಿದ್ದಾರೆ: 'ಎಲ್ಲ ವಯಸ್ಸಿಗೂ, ಎಲ್ಲ ಶಕ್ತಿಗೂ ಒಂದೇ ನೀರು.' ಅದರ ಕೆಳಗೆ ಬಾಗಿಲಿನಷ್ಟು ಎತ್ತರದ ಒಂದು ಫೋಟೋ. ಓಡೆಟ್‌ಳದು, ಒದ್ದೆ ಕೂದಲಲ್ಲಿ ನಗುತ್ತಿದ್ದಾಳೆ. ನಿನಗೆ ನೆನಪಿರಬೇಕು, ದಿನಸಿ ಅಂಗಡಿಯಲ್ಲಿ ಬ್ರೆಡ್ ಮಾರುವ ಕೊರಿನ್‌ಳ ಮಗಳು. ಹುಟ್ಟುವಾಗಲೇ ಎಡಭುಜದ ನರ ಎಳೆದುಹೋಗಿ ಆ ಕೈ ಸೊರಗಿದೆ, ಬಲಗೈ ಹೋದಷ್ಟು ದೂರ ಹೋಗುವುದಿಲ್ಲ, ಹೋದರೂ ಒಂದು ಕ್ಷಣ ತಡ. ಅಂಗವಿಕಲ ಮಕ್ಕಳಿಗೆಂದು ನಾನು ನಡೆಸುವ ಶನಿವಾರದ ತರಗತಿಗೆ ಐದು ವರ್ಷದವಳಿದ್ದಾಗ ಬಂದಳು. ಮೊದಲ ಚಳಿಗಾಲವೆಲ್ಲ ದಡದ ಅಂಚು ಹಿಡಿದುಕೊಂಡು ನನ್ನನ್ನು ಬೈಯುತ್ತ ಕಳೆದಳು. ಈಗ ಹದಿನಾಲ್ಕು. ಎರಡು ವರ್ಷದಿಂದ ಸ್ಪರ್ಧೆಯ ತಂಡದಲ್ಲಿದ್ದಾಳೆ, ಕೈ ಕಾಲು ಎಲ್ಲ ಸರಿಯಿರುವ ಹುಡುಗಿಯರ ಜೊತೆ ಬ್ರೆಸ್ಟ್‌ಸ್ಟ್ರೋಕ್ ಈಜುತ್ತಾಳೆ, ಅವರಲ್ಲಿ ಅರ್ಧಕ್ಕರ್ಧ ಜನರನ್ನು ಹಿಂದೆ ಹಾಕುತ್ತಾಳೆ.

ಆದರೂ ಪ್ರತಿ ಶನಿವಾರ ನನ್ನ ತರಗತಿ ಮುಗಿಯುವ ಹೊತ್ತಿಗೆ ಬರುತ್ತಿದ್ದಳು. ಅರ್ಧ ಗಂಟೆ ನಾವಿಬ್ಬರೇ. ಕೆಲಸ ಒಂದೇ, ಗೋಡೆ ಮುಟ್ಟುವುದು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ತಿರುಗುವಾಗ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು, ಒಂದೇ ಮುಟ್ಟಿದರೆ ತೀರ್ಪುಗಾರರು ಕೈ ಎತ್ತುತ್ತಾರೆ, ಸ್ಪರ್ಧೆಯಿಂದ ಹೊರಗೆ. ನಿನಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. 'ಎರಡೂ ಕೈ ಗೋಡೆಗೆ' ಎಂದು ನಾನು ಕೂಗುವುದು, ಅವಳು ಬರುವುದು, ಮುಟ್ಟುವುದು, 'ಈ ಸಲ ಬಂತಾ' ಎಂದು ಕೇಳುವುದು. ಬಂದಿದ್ದರೆ ಬಂತು ಎನ್ನುತ್ತಿದ್ದೆ, ಇಲ್ಲದಿದ್ದರೆ ಇಲ್ಲ. ಮೊದಲ ವರ್ಷ ಹತ್ತಕ್ಕೆ ಎರಡು ಸಲ ಬರುತ್ತಿತ್ತು. ಈ ಜನವರಿಯಲ್ಲಿ ಹತ್ತಕ್ಕೆ ಒಂಬತ್ತು.

ಅವಳಂಥವರಿಗೆ ನಿಯಮದಲ್ಲಿ ಒಂದು ದಾರಿ ಇದೆ. ಕೋಚ್ ಆದವರು ಸ್ಪರ್ಧೆಗೆ ಮುಂಚೆ ರೆಫರಿಗೆ ಒಂದು ಚೀಟಿ ಕೊಟ್ಟರೆ ಸಾಕು, ಆ ಮಗುವಿಗೆ ಒಂದೇ ಕೈ ಸಾಕಾಗುತ್ತದೆ. ಒಳ್ಳೆಯ ನಿಯಮ. ಅದನ್ನು ಈ ಊರಿನಲ್ಲಿ ಜಾರಿಗೆ ತರಿಸಲು ಗಂಟಲು ಹರಿದುಕೊಂಡವಳೇ ನಾನು. ನನ್ನ ಶನಿವಾರದ ಮಕ್ಕಳಲ್ಲಿ ಎಷ್ಟೋ ಜನ ಆ ಚೀಟಿಯ ಮೇಲೆ ಈಜಿ ಗೆದ್ದಿದ್ದಾರೆ, ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಆದರೆ ಓಡೆಟ್‌ಗೆ ಅದು ಬೇಡವಾಗಿತ್ತು. ಫೆಬ್ರವರಿಯ ಈಜು ಕೂಟದ ಹಿಂದಿನ ದಿನ ಕೋಚ್ ಟ್ರೆಂಟ್ ಚೀಟಿ ಬರೆಯುತ್ತ ಕೂತಿದ್ದಾಗ ಬಂದು ಅವನ ಪೆನ್ನು ಕಿತ್ತುಕೊಂಡಳು.

'ನನಗೆ ಚೀಟಿ ಬೇಡ. ನನ್ನ ಕೈ ಬರುತ್ತೆ.'

'ಯಾಕಮ್ಮ ಸುಮ್ನೆ ರಿಸ್ಕು? ರಾಜ್ಯಮಟ್ಟಕ್ಕೆ ಹೋಗೋ ಟೈಮು ನಿಂಗೆ ಈ ಸಲ ಸಿಕ್ಕೇ ಸಿಗುತ್ತೆ,' ಎಂದ ಟ್ರೆಂಟ್.

'ಹೋದ್ರೆ ಎರಡೂ ಕೈಯಲ್ಲಿ ಹೋಗ್ತೀನಿ,' ಎಂದು ನನ್ನ ಕಡೆ ತಿರುಗಿದಳು. 'ಮಿಸೆಸ್ ಎನ್, ನಾಳೆ ಆ ತುದೀಲಿ ನಿಲ್ಲೋದು ನೀವೇ ಅಲ್ವಾ? ನನ್ನ ಕೈ ಬರ್ಲಿಲ್ಲ ಅಂದ್ರೆ ಎಲ್ರಿಗೂ ಎತ್ತೋ ಹಾಗೆ ನನಗೂ ಕೈ ಎತ್ತಿ. ಮಾತು ಕೊಡಿ.'

ಕೊಟ್ಟೆ. ಕೈ ಚಾಚಿದೆ, ಅವಳು ಎಡಗೈಯಲ್ಲೇ ಹಿಡಿದು ಕುಲುಕಿದಳು.

ಮರುದಿನ ತೀರ್ಪುಗಾರರ ಬಿಳಿ ಅಂಗಿ ತೊಟ್ಟು ಕೊಳದ ಆಚೆ ತುದಿಯಲ್ಲಿ ನಿಂತೆ. ನನ್ನ ಪಕ್ಕದಲ್ಲಿ ಹಲ್ಲಿನ ಡಾಕ್ಟರ್ ಪ್ರೂಡೆನ್ಸ್, ಈ ವರ್ಷ ತೀರ್ಪುಗಾರಿಕೆ ಕಲಿಯುತ್ತಿದ್ದಾಳೆ, ನನ್ನ ಜೊತೆ ನಿಂತು ನೋಡುವುದು ಅವಳ ಪಾಠ. ನೂರು ಗಜದ ಸ್ಪರ್ಧೆ, ನಾಲ್ಕು ಉದ್ದ, ಮೂರು ತಿರುವು. ಮೊದಲನೆಯ ತಿರುವೂ ಮೂರನೆಯ ತಿರುವೂ ನನ್ನ ಕಡೆ, ಎರಡನೆಯದು ಮತ್ತು ಮುಕ್ತಾಯ ಆ ಕಡೆಯವರ ಪಾಲಿಗೆ. ಓಡೆಟ್ ನಾಲ್ಕನೆಯ ಲೇನ್‌ನಲ್ಲಿದ್ದಳು. ಮೂರನೆಯ ತಿರುವಿಗೆ ಬರುವಾಗ ಎರಡನೆಯ ಸ್ಥಾನದಲ್ಲಿದ್ದಳು. ಬಲಗೈ ಗೋಡೆ ಮುಟ್ಟಿತು, ಎಡಗೈ ಮುಟ್ಟಲಿಲ್ಲ. ನೋಡಿದೆ, ಕೈ ಎತ್ತಿದೆ. ಅವಳು ಹೋಗಿ ಆ ಗೋಡೆ ಮುಟ್ಟಿದಾಗ ಗಡಿಯಾರದಲ್ಲಿ ಒಂದು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು. ರಾಜ್ಯಮಟ್ಟಕ್ಕೆ ಇಪ್ಪತ್ತೈದರೊಳಗೆ ಮುಗಿಸಿದರೆ ಸಾಕಿತ್ತು. ಇಡೀ ಊರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವಾಗ ಧ್ವನಿವರ್ಧಕದಲ್ಲಿ ಹೇಳಿದರು, ನಾಲ್ಕನೆಯ ಲೇನ್ ಅನರ್ಹ ಎಂದು.

ಆಮೇಲೆ ನಡೆದದ್ದನ್ನು ಕೇಳು. ಮೆಟ್ಟಿಲುಸಾಲಿನಿಂದ ಒಬ್ಬಳು ನನಗೆ ಕೇಳಲೆಂದೇ ಗಟ್ಟಿಯಾಗಿ, 'ಆ ಮುದುಕಿಗೆ ಕರುಳು ಅನ್ನೋದೇ ಇಲ್ವಾ' ಎಂದಳು. ಅವಳ ಇಬ್ಬರು ಮಕ್ಕಳಿಗೂ ನೀರಿನಲ್ಲಿ ಮುಖ ಇಡುವುದನ್ನು ಕಲಿಸಿದವಳು ನಾನು. ಸೋಮವಾರ ಅಂಗಡಿಗೆ ಹೋದರೆ ಕೊರಿನ್ ಬ್ರೆಡ್ ಕೊಯ್ಯುವುದನ್ನು ನಿಲ್ಲಿಸಿ, ಸಾಲಿನಲ್ಲಿ ನಿಂತಿದ್ದ ಐದು ಜನರ ಮುಂದೆ ಕೇಳಿದಳು: 'ಒಂದು ಸಲ ಕಣ್ಣು ಮುಚ್ಚಿಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು, ಆರ್ಲೀನ್? ಒಂಬತ್ತು ವರ್ಷ ಅವಳನ್ನ ಹೆತ್ತ ಮಗಳ ಹಾಗೆ ನೋಡ್ಕೊಂಡ್ರಲ್ಲ.' ತಾಯಿ ಅವಳು, ಹೊಟ್ಟೆ ಉರಿಯುತ್ತದೆ, ಅವಳ ಮೇಲೆ ನನಗೆ ಸಿಟ್ಟಿಲ್ಲ. 'ಅವಳೇ ಕೇಳಿದ್ದಳಮ್ಮ, ಎತ್ತಿ ಅಂತ' ಎಂದೆ. 'ಹದಿನಾಲ್ಕು ವರ್ಷದ ಹುಡುಗಿ ಸಾವಿರ ಕೇಳ್ತಾಳೆ' ಎಂದು ಬ್ರೆಡ್ಡನ್ನು ಚೀಲಕ್ಕೆ ತುರುಕಿದಳು.

ಸಿಟ್ಟು ಬಂದದ್ದು ಆಡಳಿತ ಮಂಡಳಿಯ ಮೇಲೆ. ಫೆಬ್ರವರಿ ಇಪ್ಪತ್ತೆಂಟಕ್ಕೆ ಸಭೆ ಕರೆದರು. ಅಧ್ಯಕ್ಷೆ ಡೆನೀಸ್ ಮುಂದೆ ಎರಡು ವಿಷಯ ಬರೆದ ಕಾಗದ ಇತ್ತು. ಒಂದನೆಯದು, ಇನ್ನು ಮೇಲೆ ಶನಿವಾರದ ತರಗತಿಯಿಂದ ಬಂದ ಪ್ರತಿ ಮಗುವಿಗೂ, ಕೇಳಲಿ ಬಿಡಲಿ, ಚೀಟಿ ಕೊಟ್ಟೇ ತೀರುವುದು. ಎರಡನೆಯದು, ಮೂವತ್ತೊಂದು ವರ್ಷ ಸೇವೆ ಮಾಡಿದ ಆರ್ಲೀನ್ ನೀಮೆಲಾ ಅವರಿಗೆ ಇನ್ನು ವಿಶ್ರಾಂತಿ. ವಿಶ್ರಾಂತಿಯಂತೆ. ಬಿಳಿ ಅಂಗಿ ಬಿಚ್ಚಿಕೊಡು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಒಬ್ಬರಿಗೂ ಇಲ್ಲ.

'ಜನ ಏನನ್ಕೋತಾರೆ ಹೇಳಿ, ಮಿಸೆಸ್ ನೀಮೆಲಾ,' ಎಂದಳು ಡೆನೀಸ್. 'ಅವಳ ಫೋಟೋ ನಮ್ಮ ಗೋಡೆ ಮೇಲಿದೆ.'

ಮೈಯೆಲ್ಲ ಉರಿದುಹೋಯಿತು. 'ಗೋಡೆ ಮೇಲಿರೋದು ಫೋಟೋ, ನೀರಲ್ಲಿದ್ದದ್ದು ಹುಡುಗಿ,' ಎಂದೆ. 'ನಿಮಗೆ ಬೇಕಾಗಿರೋದು ಯಾವುದು ಅಂತ ಮೊದಲು ತೀರ್ಮಾನ ಮಾಡ್ಕೊಳಿ. ಆ ಮಗು ಎರಡು ವರ್ಷ ಗೋಡೆಗೆ ಕೈ ಬಡಿದು ಬಡಿದು ಬೆರಳು ಸಿಗಿದುಕೊಂಡಿದ್ದಾಳೆ, ಒಂದು ದಿನ ಎಲ್ಲರ ಹಾಗೆ ನಿಂತ್ಕೋಬೇಕು ಅಂತ. ನೀವು ಅಯ್ಯೋ ಪಾಪ ಅಂತ ಅವಳ ತಲೆ ಸವರಿ ಮೂಲೆಗೆ ಕೂರಿಸ್ತೀರಿ. ಸೋಲೋ ಹಕ್ಕು ಇಲ್ಲದವರಿಗೆ ಗೆಲ್ಲೋ ಹಕ್ಕು ಎಲ್ಲಿಂದ ಬರುತ್ತೆ?'

ಟ್ರೆಂಟ್ ಅಲ್ಲೇ ಇದ್ದ. ಅವಳ ಮಾತನ್ನು ಕಿವಿಯಾರೆ ಕೇಳಿದವನು. 'ಟ್ರೆಂಟ್, ನೀನೇ ಹೇಳು, ಅವಳು ಕೇಳಿದಳೋ ಇಲ್ವೋ' ಎಂದೆ. 'ಕೇಳಿದ್ದು ಹೌದು, ಆದರೆ ಎಲ್ಲರ ಭಾವನೆಗಳನ್ನೂ ನಾವು ಗಮನದಲ್ಲಿ ಇಟ್ಕೋಬೇಕಾಗುತ್ತೆ' ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಇವನಿಂದ ಕಲಿಯಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಬರುವ ವರ್ಷವೂ ಕೋಚ್ ಕೆಲಸ ಉಳಿಯಬೇಕು.

ನನ್ನ ಪರವಾಗಿ ಮಾತಾಡಿದವನು ಎಲ್ವುಡ್ ಒಬ್ಬನೇ. ಹಿಂದಿನ ಸಾಲಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ. 'ನಾನು ಅರ್ಧ ಕುರುಡ, ಮುಕ್ಕಾಲು ಕಿವುಡ. ನನಗೂ ಒಂದು ಚೀಟಿ ಕೊಡಿ. ಗೆದ್ದೆ ಅಂತ ಈಗಲೇ ಬರ್ಕೊಂಡುಬಿಡಿ, ನೀರಿಗೆ ಇಳಿಯೋದು ಯಾಕೆ, ಚಳಿ ಬೇರೆ' ಎಂದ. ಯಾರೂ ನಗಲಿಲ್ಲ. ತೀರ್ಮಾನವನ್ನು ಮುಂದಿನ ಸಭೆಗೆ ಹಾಕಿದರು. ಅದು ಈ ಗುರುವಾರ.

ನಾನು ಸಭೆಯಲ್ಲಿ ನಿನ್ನ ಹೆಸರನ್ನೂ ಎತ್ತಿದೆ, ಕ್ಷಮಿಸು. ನೀನು ಹನ್ನೆರಡು ವರ್ಷದವಳಿದ್ದಾಗ ಮಾರ್ಕ್ವೆಟ್ ಕೂಟದಲ್ಲಿ ಎರಡೂ ಕೈ ಮುಟ್ಟಬೇಕಾದ ಬಟರ್‌ಫ್ಲೈ ಈಜಿನಲ್ಲಿ ಒಂದೇ ಕೈ ಮುಟ್ಟಿಸಿದೆ. ನಾನು ಆ ವರ್ಷ ತಾನೇ ಬಿಳಿ ಅಂಗಿ ತೊಟ್ಟಿದ್ದೆ. ಹೆತ್ತ ಮಗಳಿಗೇ ಕೈ ಎತ್ತಿದೆ. ಹಾಗೆ ಅಮ್ಮಂದಿರನ್ನು ಮಕ್ಕಳ ಲೇನ್‌ಗೆ ನಿಲ್ಲಿಸಬಾರದು ಎಂದು ಆಮೇಲೆ ನಿಯಮ ಮಾಡಿದರು, ಅಷ್ಟು ದೊಡ್ಡ ಗಲಾಟೆ ಆಯಿತು. ಮನೆಗೆ ಬರುವ ದಾರಿಯುದ್ದಕ್ಕೂ ನೀನು ಕಿಟಕಿ ನೋಡುತ್ತ ಕೂತಿದ್ದೆ. ಅಪ್ಪ ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟರು. ಮರುದಿನ ಬೆಳಗ್ಗೆ ಐದೂವರೆಗೆ ನಾನು ಕಾರು ಚಾಲೂ ಮಾಡಲು ಹೊರಗೆ ಬಂದರೆ, ನೀನು ಟವೆಲ್ ಹೆಗಲಿಗೆ ಹಾಕಿಕೊಂಡು ಕಾರಿನ ಪಕ್ಕದಲ್ಲಿ ನಿಂತಿದ್ದೆ. ಈ ಕಥೆಯನ್ನು ಸಭೆಯಲ್ಲಿ ಹೇಳಿದೆ. ಕೈ ಎತ್ತಿದ್ದಕ್ಕೆ ಯಾವ ಮಗುವೂ ಒಡೆದುಹೋಗುವುದಿಲ್ಲ, ಪಾಪ ಎಂದದ್ದಕ್ಕೆ ಒಡೆದುಹೋಗುತ್ತದೆ ಎಂದೆ.

ಆದರೆ ಓಡೆಟ್ ಬರುತ್ತಿಲ್ಲ, ಮೇರಿಟ್. ಕೂಟ ಆಗಿ ಮೂರು ಶನಿವಾರ ಕಳೆಯಿತು. ತಂಡದ ಅಭ್ಯಾಸಕ್ಕೂ ಹೋಗುತ್ತಿಲ್ಲವಂತೆ. ತರಗತಿ ಮುಗಿದ ಮೇಲೆ ನಾನು ನಾಲ್ಕನೆಯ ಲೇನ್‌ನ ತುದಿಯಲ್ಲಿ ಅರ್ಧ ಗಂಟೆ ಸುಮ್ಮನೆ ನಿಲ್ಲುತ್ತೇನೆ. ಕಾವಲಿನವನು ದೀಪ ಆರಿಸಲಾ ಎಂದು ಎರಡು ಸಲ ಕೇಳುತ್ತಾನೆ. ಇಡೀ ಊರು ಸೇರಿ ಅವಳ ಕಿವಿಯಲ್ಲಿ ಊದುತ್ತಿದೆ, ಅಯ್ಯೋ ನಿನಗೆ ಎಂಥಾ ಅನ್ಯಾಯ ಆಯಿತು ಮಗಳೇ ಎಂದು. ನನ್ನ ಹತ್ತಿರ ಆ ಮಗು ಒಂದು ಮಾತೂ ಆಡಿಲ್ಲ. ಅವಳು ನೀರಿಗೆ ಬರದೆ ಹೋದರೆ ಈ ಒಂಬತ್ತು ವರ್ಷ ನಾನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಗುರುವಾರ ಅಂಗಿ ಬಿಚ್ಚಿಸುತ್ತಾರೋ ಬಿಡುತ್ತಾರೋ, ಅದು ಹಾಳಾಗಿ ಹೋಗಲಿ. ಆ ಹುಡುಗಿ ಬರಬೇಕು, ಅಷ್ಟೇ. ಡೆನೀಸ್‌ಗೂ ಟ್ರೆಂಟ್‌ಗೂ ಗುರುವಾರ ಹೇಳಬೇಕಾದ ಮಾತುಗಳನ್ನು ಪಾತ್ರೆ ತೊಳೆಯುವಾಗೆಲ್ಲ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೇನೆ. ಅಪ್ಪ ತಮ್ಮ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡಿದ್ದಾರೆ.

ಮಕ್ಕಳಿಬ್ಬರಿಗೂ ಉಣ್ಣೆಯ ಕಾಲುಚೀಲ ಹೆಣೆದಿದ್ದೇನೆ, ಈ ವಾರ ಕಳಿಸುತ್ತೇನೆ. ಚಿಕ್ಕವನನ್ನು ಬೇಸಿಗೆಗೆ ಇಲ್ಲಿಗೆ ಕಳಿಸು, ನೀರಿನ ಭಯ ಬಿಡಿಸುತ್ತೇನೆ. ನೀನು ದನಗಳ ನಡುವೆ ಊಟ ಮರೆಯಬೇಡ. ನಿನ್ನ ಕೈ ಮುಟ್ಟಿದ ಪ್ರಾಣಿ ಎದ್ದು ನಿಲ್ಲಲಿ, ನಿನ್ನ ಮನೆ ತಣ್ಣಗಿರಲಿ. ದೇವರು ನಿಮ್ಮೆಲ್ಲರನ್ನೂ ಕಾಪಾಡಲಿ.

ನಿನ್ನ
ಅಮ್ಮ

ಮರೆತದ್ದು: ಎಂದು ಬರೆದೆ. ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಹರಿದು ತೆಗೆದೆ.

ಓಡೆಟ್ ನನ್ನ ಹತ್ತಿರ ಮಾತಾಡಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕೂಟ ಮುಗಿದ ಮೂರನೆಯ ದಿನ, ಮಂಗಳವಾರ, ಶಾಲೆ ಬಿಟ್ಟ ಮೇಲೆ ನಮ್ಮ ಬಾಗಿಲಿಗೆ ಬಂದಿದ್ದಳು. ಒಳಗೆ ಬಾ ಎಂದೆ, ಬರಲಿಲ್ಲ. ಹೊಸ್ತಿಲ ಮೇಲೆ ಹಿಮದ ಬೂಟಿನಲ್ಲೇ ನಿಂತಳು.

'ಮೂರನೇ ತಿರುವಲ್ಲಿ ನೀವು ಕೈ ಎತ್ತಿದ್ದು ಸರಿ, ಮಿಸೆಸ್ ಎನ್. ನಾನು ಅದಕ್ಕೆ ಬಂದಿಲ್ಲ,' ಎಂದಳು. 'ಮೊದಲನೇ ತಿರುವಲ್ಲೂ ನನ್ನ ಎಡಗೈ ಮುಟ್ಟಿರಲಿಲ್ಲ. ನನಗೆ ಗೊತ್ತು, ಬೆರಳಿಗೆ ಬರೀ ನೀರು ಸಿಕ್ತು. ನೀವು ನನ್ನ ಮೇಲೇ ಬಗ್ಗಿ ನಿಂತಿದ್ರಿ. ನೋಡಿದ್ರಾ, ಇಲ್ವಾ?'

'ಇಲ್ಲಮ್ಮ, ನೀರು ಚಿಮ್ಮಿತ್ತು, ಕಾಣಲಿಲ್ಲ,' ಎಂದೆ.

'ನಿಮಗೆ ಎಲ್ಲಾ ಕಾಣುತ್ತೆ, ಮಿಸೆಸ್ ಎನ್,' ಎಂದು ಮೆಟ್ಟಿಲಿಳಿದು ಹೋದಳು.

ಕಂಡಿತ್ತು, ಮೇರಿಟ್. ಈಗ ಈ ಕಾಗದ ಕಾಣುವಷ್ಟು ಚೆನ್ನಾಗಿ ಕಂಡಿತ್ತು. ಬಲಗೈ ಗೋಡೆಗೆ, ಎಡಗೈ ಒಂದು ಗೇಣು ಹಿಂದೆ. ನನ್ನ ಕೈ ಮೇಲೆ ಹೋಗಲಿಲ್ಲ. ಪಾಪ, ಇನ್ನೂ ಮೊದಲ ತಿರುವು, ಹೋಗಲಿ ಬಿಡು ಎಂದುಕೊಂಡೆ. ಪ್ರೂಡೆನ್ಸ್ ಆಗ ಬೇರೆ ಲೇನ್ ನೋಡುತ್ತಿದ್ದಳು. ಮೂರನೆಯ ತಿರುವಿಗೆ ಅವಳು ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. 'ಒಂದೇ ಕೈ ಅಲ್ವಾ ಅದು?' ಎಂದು ಮೆಲ್ಲಗೆ ಕೇಳಿದಳು. ಆಮೇಲೆ ನಾನು ಕೈ ಎತ್ತಿದ್ದು. ಅವಳು ಕೇಳದೆ ಇದ್ದಿದ್ದರೆ ಆಗಲೂ ಎತ್ತುತ್ತಿರಲಿಲ್ಲ. ಮೊದಲ ಸಲ ಕರುಣೆಗೆ ಬಿಟ್ಟೆ, ಎರಡನೆಯ ಸಲ ನನ್ನ ಮಾನಕ್ಕೆ ಅಂಜಿ ಎತ್ತಿದೆ. ಆ ಮಗು ಕೇಳಿದ್ದು ಇವೆರಡರಲ್ಲಿ ಯಾವುದನ್ನೂ ಅಲ್ಲ.

ಆರು ಪುಟ ಊರಿನವರನ್ನೆಲ್ಲ ಬೈದು ಬರೆದಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಅವರು ಪಾಪ ಎಂದು ಬಾಯಲ್ಲಿ ಹೇಳಿದರು. ನಾನು ಅವಳಿಗೆ ಮಾತು ಕೊಟ್ಟು, ಅವಳ ಎಡಗೈ ಹಿಡಿದು ಕುಲುಕಿ, ಮರುದಿನ ಅದನ್ನೇ ಮಾಡಿದೆ. ಆಮೇಲೆ ಹೊಸ್ತಿಲ ಮೇಲೆ ನಿಂತು ಸುಳ್ಳು ಹೇಳಿದೆ.

ನಾಳೆ ನಾಲ್ಕು ಗಂಟೆಗೆ, ಅವಳು ಶಾಲೆಯಿಂದ ಬರುವ ಹೊತ್ತಿಗೆ ಕೊರಿನ್ ಮನೆಗೆ ಹೋಗುತ್ತೇನೆ. ನೋಡಿದ್ದೆ ಎಂದು ಹೇಳುತ್ತೇನೆ, ಬೇರೆ ಏನೂ ಸೇರಿಸುವುದಿಲ್ಲ. ಗುರುವಾರ ಸಭೆಯಲ್ಲೂ ಅದನ್ನೇ ಹೇಳಿ ಅಂಗಿಯನ್ನು ಮಡಚಿ ಮೇಜಿನ ಮೇಲೆ ಇಡುತ್ತೇನೆ. ಚೀಟಿಯ ವಿಷಯದಲ್ಲಿ ಮಾತ್ರ ಡೆನೀಸ್‌ಳನ್ನು ಬಿಡುವುದಿಲ್ಲ.

ನೀನು ಅವತ್ತು ಮರುದಿನವೇ ಬಂದದ್ದು ನಿನ್ನ ಗಟ್ಟಿತನ ಎಂದು ಮೂವತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ಗಟ್ಟಿತನ ಅಷ್ಟೇ ಅಲ್ಲ. ನನ್ನ ಕೈ ಯಾರಿಗೂ ಸುಳ್ಳು ಹೇಳುವುದಿಲ್ಲ ಎಂದು ನೀನು ನಂಬಿದ್ದೆ, ಅದಕ್ಕೇ ಬಂದೆ. ಓಡೆಟ್ ಕೂಡ ನಂಬಿದ್ದಳು. ಮೂರು ಶನಿವಾರ ಆಯಿತು, ಬಂದಿಲ್ಲ.